ಮಗುವಿನ ಮನೆಯ ಗುಟ್ಟು ಯಾರ ಕೈಯಲ್ಲಿ?

ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗುವಾಗ ಅಧ್ಯಾಪಕರ ಕೈಗೆ ಬರುವುದು ಮಕ್ಕಳು ಮಾತ್ರವಲ್ಲ, ಅವರ ಹಿಂದಿನಿಂದ ಅವರ ಮನೆಗಳೂ ಬರುತ್ತವೆ. ಆಧಾರ್ ಕಾರ್ಡಿನ ಝೆರಾಕ್ಸ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಆರ್‌ಡಿ ನಂಬರ್ ಇರುವ ಜಾತಿ-ಆದಾಯ ಪ್ರಮಾಣಪತ್ರ, ರೇಶನ್ ಕಾರ್ಡು. ಸ್ಕಾಲರ್‌ಶಿಪ್ ಅರ್ಜಿಗೆಂದು ತಾಯಂದಿರು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ತಂದುಕೊಡುವ ಕಾಗದಗಳಿವು. ಕಾಗದದಲ್ಲಿ ಇಲ್ಲದ್ದನ್ನು ಅವರು ಬಾಗಿಲ ಬಳಿ ನಿಂತು ಮೆಲ್ಲನೆ ಹೇಳುತ್ತಾರೆ. "ಟೀಚರೇ, ಇವಳಿಗೆ ಸಣ್ಣದಿರುವಾಗ ಫಿಟ್ಸ್ ಬರುತ್ತಿತ್ತು. ಈಗಲೂ ಮಾತ್ರೆ ಉಂಟು. ಯಾರಿಗೂ ಹೇಳಬೇಡಿ." "ಇವನ ಅಪ್ಪ ಗಲ್ಫಿನಿಂದ ಹಣ ಕಳಿಸದೆ ಎಂಟು ತಿಂಗಳಾಯಿತು, ಫೀಸಿಗೆ ಸ್ವಲ್ಪ ಸಮಯ ಕೊಡಿ." "ನಾನೀಗ ತವರಿನಲ್ಲಿದ್ದೇನೆ, ಕೇಸು ನಡೆಯುತ್ತಿದೆ. ಮಗುವನ್ನು ಕರಕೊಂಡು ಹೋಗಲು ಬೇರೆ ಯಾರು ಬಂದರೂ ಕಳಿಸಬೇಡಿ."

ಮದ್ರಸದ ಕಲಿಕೆ ಮುಗಿಸಿ, ಆಮೇಲೆ ಬಿ.ಎ. ಮಾಡಿ, ಬೆಳಿಗ್ಗೆ ಮದ್ರಸದಲ್ಲೂ ಹಗಲು ಒಂದು ಖಾಸಗಿ ಹೈಸ್ಕೂಲಿನಲ್ಲೂ ಪಾಠ ಹೇಳುತ್ತಾ ಬಂದಿರುವ ನನಗೆ ಈ ಮಾತುಗಳು ಹೊಸತಲ್ಲ. ನಂಬಿ ಕೊಟ್ಟದ್ದನ್ನು ನಾವು ಅಮಾನತ್ತು ಎನ್ನುತ್ತೇವೆ. ಅದು ಚಿನ್ನವೇ ಆಗಬೇಕೆಂದಿಲ್ಲ, ಮಾತೂ ಆಗಬಹುದು. ಈ ಮಾತುಗಳನ್ನು ಇಟ್ಟುಕೊಳ್ಳುವುದು ಹಿಂದೆ ಅಷ್ಟೇನೂ ಕಷ್ಟವಾಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಈಗ ಬಾಯಿ ಮುಚ್ಚಿಕೊಂಡೇ, ಬರೇ ಹೆಬ್ಬೆರಳಿನಿಂದ ಗುಟ್ಟು ಹೊರಗೆ ಹೋಗುವ ಕಾಲ ಬಂದಿದೆ.

ಚಾಟ್‌ಜಿಪಿಟಿ ಎಂಬುದು 2022ರ ನವೆಂಬರ್ 30ರಂದು ಜನರ ಮುಂದೆ ಬಂತು. ನಮ್ಮ ಶಾಲೆಯವರೆಗೆ ಅದು ಬಂದು ತಲುಪಲು ಒಂದು ವರ್ಷವಾದರೂ ಬೇಕಾಯಿತು. 2024ರ ಜೂನ್‌ನಲ್ಲಿ ಭಾರತದ ವಾಟ್ಸ್‌ಆ್ಯಪ್‌ಗೆ ಮೆಟಾ ಎಐ ಎಂಬ ಬಣ್ಣದ ಉಂಗುರ ಬಂದ ಮೇಲಂತೂ ಅದನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಉಳಿಯಲಿಲ್ಲ. ಅಡುಗೆ ಮನೆಯಲ್ಲಿ ನಿಂತ ತಾಯಿಯ ಮೊಬೈಲಿನಲ್ಲೂ ಅದು ಇದೆ. ನಾನೂ ಬಳಸುತ್ತೇನೆ, ಅದರಲ್ಲಿ ಮುಚ್ಚಿಡುವಂತಹದ್ದೇನೂ ಇಲ್ಲ. ಒಂದು ಪಾಠಕ್ಕೆ ಇಪ್ಪತ್ತು ಬಹು ಆಯ್ಕೆ ಪ್ರಶ್ನೆಗಳನ್ನು ಅದು ಒಂದು ನಿಮಿಷದಲ್ಲಿ ಬರೆದು ಕೊಡುತ್ತದೆ. ಇಂಗ್ಲಿಷ್ ಸುತ್ತೋಲೆಯನ್ನು ಸರಳ ಕನ್ನಡಕ್ಕೆ ತರುತ್ತದೆ. (ಕನ್ನಡ ವ್ಯಾಕರಣವನ್ನು ಮಾತ್ರ ಅದಕ್ಕೆ ಬಿಟ್ಟುಕೊಡಬಾರದು. ಒಮ್ಮೆ ಅದು ಸಂಧಿಯನ್ನೂ ಸಮಾಸವನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿ ಕೊಟ್ಟಿತ್ತು.) ರಾತ್ರಿ ಹನ್ನೊಂದರವರೆಗೆ ಕುಳಿತು ಪಾಠ ಯೋಜನೆ ಬರೆಯುವ ಶಿಕ್ಷಕಿಯರಿಗೆ, ಅದೂ ಮನೆಗೆಲಸ ಮುಗಿಸಿ ಬರೆಯುವವರಿಗೆ, ಇದು ಸಣ್ಣ ಉಪಕಾರವೇನಲ್ಲ. ಹಾಗಾಗಿ ಇದನ್ನು ಮುಟ್ಟಲೇಬಾರದು ಎನ್ನುವವರ ಜೊತೆ ನಾನಿಲ್ಲ.

ಆದರೆ 2025ರಲ್ಲಿ, ಅರ್ಧವಾರ್ಷಿಕ ಪರೀಕ್ಷೆಯ ಬಳಿಕ, ನಮ್ಮ ಸ್ಟಾಫ್ ರೂಮಿನಲ್ಲಿ ಕಂಡ ಒಂದು ವಿಷಯ ನನ್ನನ್ನು ಯೋಚನೆಗೆ ಹಚ್ಚಿತು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಬಗ್ಗೆ ಪ್ರತಿಯೊಬ್ಬರಿಗೂ ಒಂದೊಂದು ಪುಟದ ವರದಿ ಸಿದ್ಧಪಡಿಸಬೇಕಿತ್ತು. ನಮ್ಮ ಕಿರಿಯ ಶಿಕ್ಷಕಿಯೊಬ್ಬರು, ತುಂಬ ಒಳ್ಳೆಯವರು, ಮಕ್ಕಳ ಮೇಲೆ ಜೀವ ಇಟ್ಟುಕೊಂಡವರು, ತಮ್ಮ ಮೊಬೈಲಿನಲ್ಲಿ ಎಐಗೆ ಬರೆಯುತ್ತಿದ್ದರು. ಹುಡುಗಿಯ ಪೂರ್ತಿ ಹೆಸರು, ತಂದೆಯ ಹೆಸರು, ತರಗತಿ, ಶಾಲೆಯ ಹೆಸರು, ಊರು. ಆಮೇಲೆ ಅಂಕಗಳು. ಕೊನೆಗೆ ಅವಳಿಗೆ ಇರುವ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ. "ಇಷ್ಟೆಲ್ಲ ಅದಕ್ಕೆ ಯಾಕೆ ಟೀಚರ್?" ಎಂದು ಕೇಳಿದೆ. ಅವರು ನಕ್ಕು, "ಅದು ಯಂತ್ರ ತಾನೇ ಟೀಚರ್? ಅದು ಯಾರಿಗೆ ಹೇಳುತ್ತದೆ?" ಎಂದರು.

ಈ ಪ್ರಶ್ನೆಯನ್ನು ಆಮೇಲೆ ಅನೇಕ ತಾಯಂದಿರ ಬಾಯಿಂದಲೂ ಕೇಳಿದ್ದೇನೆ. ನ್ಯಾಯವಾದ ಪ್ರಶ್ನೆಯೇ. ನೆರೆಮನೆಯವಳಿಗೆ ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಯಂತ್ರಕ್ಕೆ ನಾಲಗೆ ಇಲ್ಲ ಎಂಬ ಸಮಾಧಾನ ನಮ್ಮದು. ಆದರೆ ನಾವು ಬರೆದದ್ದು ನಮ್ಮ ಮೊಬೈಲಿನೊಳಗೇ ಉಳಿಯುವುದಿಲ್ಲ. ಅದು ಆ ಕಂಪೆನಿಯ ಕಂಪ್ಯೂಟರುಗಳಿಗೆ ಹೋಗುತ್ತದೆ, ಹೆಚ್ಚಾಗಿ ಬೇರೆ ದೇಶದಲ್ಲಿರುವ ಕಂಪ್ಯೂಟರುಗಳಿಗೆ. ಅಲ್ಲಿ ನಮ್ಮ ಖಾತೆಯ ಹೆಸರಿನಲ್ಲಿ ಉಳಿಯುತ್ತದೆ. ಬೇಡವೆಂದು ನಾವೇ ಆರಿಸದಿದ್ದರೆ, ಮುಂದಿನ ಯಂತ್ರಗಳಿಗೆ ಕಲಿಸಲು ಅದನ್ನು ಬಳಸುವ ಕಂಪೆನಿಗಳಿವೆ. ಕೆಲವು ಸಂಭಾಷಣೆಗಳನ್ನು ಮನುಷ್ಯರೇ ಓದಿ ಪರಿಶೀಲಿಸುವುದೂ ಉಂಟು. ಪರಿಶೀಲಿಸುವವರು ನೋಡಬಾರದಂತಹ ಗುಟ್ಟಿನ ವಿಷಯಗಳನ್ನು ಜೆಮಿನಿಯಲ್ಲಿ ಬರೆಯಬೇಡಿ ಎಂದು ಗೂಗಲ್ ಕಂಪೆನಿಯೇ ತನ್ನ ಸೂಚನೆಯಲ್ಲಿ ತಿಳಿಸಿದೆ. ಹಾಗೆ ಪರಿಶೀಲನೆಗೆ ಹೋದವುಗಳನ್ನು ಮೂರು ವರ್ಷಗಳವರೆಗೆ ಇಟ್ಟುಕೊಳ್ಳುತ್ತೇವೆ ಎಂದೂ ಅದೇ ಹೇಳಿದೆ. ವಾಟ್ಸ್‌ಆ್ಯಪ್‌ನಲ್ಲಿ ನಾವು ಅಕ್ಕ ತಂಗಿಯರಿಗೆ ಕಳಿಸುವ ಸಂದೇಶಕ್ಕೆ ಇರುವ ಬೀಗ, ಮೆಟಾ ಎಐಗೆ ಕಳಿಸುವ ಸಂದೇಶಕ್ಕೆ ಹಾಗೆಯೇ ಇರುವುದಿಲ್ಲ. ಆ ಸಂದೇಶ ಕಂಪೆನಿಗೇ ಹೋಗಿ ಸೇರುವಂತಹದ್ದು.

ಕಂಪೆನಿಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಒಳ್ಳೆಯವರ ಮನೆಯಲ್ಲೂ ಬಾಗಿಲು ತೆರೆದುಬಿಡುವುದುಂಟು. 2023ರ ಮಾರ್ಚ್ 20ರಂದು ಚಾಟ್‌ಜಿಪಿಟಿಯಲ್ಲಿ ಒಂದು ದೋಷ ಉಂಟಾಗಿ, ಕೆಲವರಿಗೆ ಬೇರೆಯವರ ಸಂಭಾಷಣೆಗಳ ಶೀರ್ಷಿಕೆಗಳು ಕಾಣಿಸಿದವು. ಹಣ ಕೊಟ್ಟು ಬಳಸುವ ಕೆಲವರ ಹೆಸರು, ಇಮೇಲ್, ಕಾರ್ಡಿನ ಕೊನೆಯ ನಾಲ್ಕು ಅಂಕಿಗಳಂತಹ ವಿವರಗಳೂ ಇತರರಿಗೆ ಕಂಡಿರಬಹುದೆಂದು ಕಂಪೆನಿಯೇ ಒಪ್ಪಿಕೊಂಡಿತು. 2025ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಚಾಟ್‌ಜಿಪಿಟಿಯ ಸಂಭಾಷಣೆಯನ್ನು ಲಿಂಕ್ ಮಾಡಿ ಇತರರಿಗೆ ಕಳಿಸುವ ಸೌಕರ್ಯವಿತ್ತಲ್ಲ, ಅದರಲ್ಲಿ 'ಹುಡುಕುವವರಿಗೂ ಸಿಗಲಿ' ಎಂಬ ಒಂದು ಗುರುತು ಇತ್ತು. ಅದರ ಅರ್ಥ ತಿಳಿಯದೆ ಒತ್ತಿದವರು ಬಹಳ ಮಂದಿ. ಅವರ ಕಾಯಿಲೆ, ಸಂಸಾರದ ಜಗಳ, ಕೆಲಸದ ವಿವರಗಳು ಗೂಗಲ್‌ನಲ್ಲಿ ಹುಡುಕಿದವರಿಗೆಲ್ಲ ಸಿಗತೊಡಗಿದವು. ಸುದ್ದಿಯಾದ ಮೇಲೆ ಕಂಪೆನಿ ಆ ಗುರುತನ್ನೇ ತೆಗೆದುಹಾಕಿತು. ನಮ್ಮ ಅಧ್ಯಾಪಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂತಹ ಲಿಂಕುಗಳು ದಿನಕ್ಕೆ ನಾಲ್ಕಾದರೂ ಬಂದು ಬೀಳುತ್ತವೆ. ಆದ್ದರಿಂದ ಈ ಸುದ್ದಿಯನ್ನು ನಾನು ಸ್ಟಾಫ್ ರೂಮಿನಲ್ಲಿ ಎರಡು ಸಲ ಓದಿ ಹೇಳಿದೆ.

'ಅಳಿಸಿಬಿಟ್ಟರೆ ಆಯಿತಲ್ಲ' ಎನ್ನುವವರೂ ಇದ್ದಾರೆ. ಅಳಿಸಿದ್ದು ಸಾಮಾನ್ಯವಾಗಿ 30 ದಿನಗಳೊಳಗೆ ಹೋಗುತ್ತದೆ ಎಂದು ಚಾಟ್‌ಜಿಪಿಟಿಯವರು ಹೇಳುತ್ತಾರೆ. ಆದರೆ 2025ರ ಮೇ ತಿಂಗಳಲ್ಲಿ, ಒಂದು ಪತ್ರಿಕೆ ಹೂಡಿದ್ದ ಮೊಕದ್ದಮೆಯಲ್ಲಿ, ಅಮೆರಿಕದ ನ್ಯಾಯಾಲಯವು ಜನರು ಅಳಿಸಿದ ಸಂಭಾಷಣೆಗಳನ್ನೂ ಕಾದಿರಿಸಬೇಕೆಂದು ಆ ಕಂಪೆನಿಗೆ ಆದೇಶಿಸಿತ್ತು. ಆ ಆದೇಶ ಅದೇ ವರ್ಷ ಸೆಪ್ಟೆಂಬರ್ ತನಕ ನಡೆಯಿತು. ಸ್ಲೇಟಿನ ಮೇಲೆ ಬರೆದು ಅಂಗೈಯಿಂದ ಒರಸಿದ ಹಾಗಲ್ಲ ಇದು.

ಶಾಲೆಗೆ ಸಂಬಂಧಿಸಿದ ಒಂದು ದೃಷ್ಟಾಂತವನ್ನೂ ಹೇಳಬೇಕು. ಅಮೆರಿಕದ ಲಾಸ್ ಏಂಜಲೀಸ್ ನಗರದ ಶಾಲಾ ಜಿಲ್ಲೆ ಆ ದೇಶದಲ್ಲೇ ಎರಡನೆಯ ದೊಡ್ಡದು. 2024ರ ಮಾರ್ಚ್‌ನಲ್ಲಿ ಅಲ್ಲಿ 'ಎಡ್' ಎಂಬ ಎಐ ಸಹಾಯಕನನ್ನು ಬಹಳ ಸಂಭ್ರಮದಿಂದ ಆರಂಭಿಸಲಾಯಿತು. ನಗುವ ಸೂರ್ಯನ ಚಿತ್ರ ಬೇರೆ! ಮಗುವಿನ ಹಾಜರಿ, ಅಂಕ ಎಲ್ಲವನ್ನೂ ನೋಡಿ ಮಗುವಿಗೂ ಪೋಷಕರಿಗೂ ಅದು ಉತ್ತರ ಕೊಡಬೇಕಿತ್ತು. ಮೂರು ತಿಂಗಳು ಕಳೆಯುವಷ್ಟರಲ್ಲಿ ಅದನ್ನು ತಯಾರಿಸಿದ ಆಲ್‌ಹಿಯರ್ ಕಂಪೆನಿ ಹಣವಿಲ್ಲದೆ ಹೆಚ್ಚಿನ ನೌಕರರನ್ನು ಮನೆಗೆ ಕಳಿಸಿತು. 'ಎಡ್' ನಿಂತುಹೋಯಿತು. ಮಕ್ಕಳ ಮಾಹಿತಿಯನ್ನು ಅಗತ್ಯವಿಲ್ಲದಿದ್ದರೂ ಹೊರಗಿನ ಕಂಪೆನಿಗಳಿಗೆ ಕಳಿಸಲಾಗುತ್ತಿತ್ತು ಎಂದು ಅಲ್ಲಿಯೇ ಕೆಲಸ ಮಾಡಿದ್ದ ಒಬ್ಬ ಅಧಿಕಾರಿ ಆರೋಪಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ಕಂಪೆನಿಯ ಸ್ಥಾಪಕಿಯ ಬಂಧನವಾಯಿತು. ಬಂಧನದ ಕಾರಣ ಮಕ್ಕಳ ಮಾಹಿತಿಯಲ್ಲ, ಹೂಡಿಕೆದಾರರಿಗೆ ವಂಚಿಸಿದರೆಂಬ ಆರೋಪ. ಅಷ್ಟು ದೊಡ್ಡ, ವಕೀಲರೂ ತಜ್ಞರೂ ಇರುವ ಶಾಲಾ ವ್ಯವಸ್ಥೆಗೇ ತಾನು ಯಾರ ಕೈಗೆ ಮಕ್ಕಳನ್ನು ಒಪ್ಪಿಸುತ್ತಿದ್ದೇನೆ ಎಂಬುದು ಮೊದಲೇ ತಿಳಿಯದಿದ್ದರೆ, ನಮ್ಮಂತಹ ಶಾಲೆಗಳು ಉಚಿತವಾಗಿ ಸಿಗುವ ಆಪ್ ಕಂಡ ಕೂಡಲೇ ಇಳಿಸಿಕೊಳ್ಳುವುದನ್ನು ಏನೆನ್ನೋಣ?

ಸ್ಟಾಫ್ ರೂಮಿನ ವಿಷಯಕ್ಕೆ ಬರುತ್ತೇನೆ. ಆ ದಿನ ನಾವಿಬ್ಬರೂ ಕುಳಿತು ಅದೇ ವರದಿಯನ್ನು ಹೊಸದಾಗಿ ಕೇಳಿದೆವು. ಹೆಸರಿಲ್ಲ, ಶಾಲೆಯಿಲ್ಲ, ಊರಿಲ್ಲ, ಕಾಯಿಲೆಯಿಲ್ಲ. 'ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ, ಭಾಷೆಯಲ್ಲಿ ಪರವಾಗಿಲ್ಲ, ಗಣಿತದಲ್ಲಿ ಭಿನ್ನರಾಶಿಯಿಂದಲೇ ತೊಂದರೆ, ಬೇಗ ದಣಿಯುತ್ತಾಳೆ, ಒಮ್ಮೆಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕುಳಿತು ಓದಲಾರಳು' ಎಂದಷ್ಟೇ ಬರೆದೆವು. ಬಂದ ಉತ್ತರ ಮೊದಲಿನದಕ್ಕಿಂತ ಚೆನ್ನಾಗಿಯೇ ಇತ್ತು. ಭಿನ್ನರಾಶಿಯನ್ನು ರೊಟ್ಟಿ ತುಂಡು ಮಾಡಿ ತೋರಿಸುವುದರಿಂದ ಆರಂಭಿಸಿ ಎಂದು ಹೇಳಿತ್ತು. ಕಾಯಿಲೆಯ ಹೆಸರು ಅದಕ್ಕೆ ಬೇಕಾಗಿಯೇ ಇರಲಿಲ್ಲ. ಮಗುವಿನ ಹೆಸರನ್ನು ನಾವು ಪೆನ್ನಿನಿಂದ ಕಾಗದದ ಮೇಲೆ ಬರೆದೆವು.

ಆದರೆ ಹೆಸರು ತೆಗೆದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳುವಂತಿಲ್ಲ. ನಮ್ಮದು ಸಣ್ಣ ಊರು. 'ಮಸೀದಿಯ ಹಿಂದಿನ ಓಣಿಯ, ತಂದೆ ದಮ್ಮಾಮಿನಲ್ಲಿರುವ, ಮೂವರು ಅಕ್ಕಂದಿರ ಕೊನೆಯ ತಂಗಿ' ಎಂದರೆ ಹೆಸರು ಹೇಳಿದ್ದಕ್ಕಿಂತ ಹೆಚ್ಚೇ ಆಯಿತು. ಎಲ್ಲ ವಿವರಗಳೂ ಒಂದೇ ತೂಕದವಲ್ಲ. ಮೊಬೈಲ್ ನಂಬರನ್ನು ಬದಲಿಸಬಹುದು. ಆಧಾರ್‌ನ 12 ಅಂಕಿಗಳು ಜೀವಮಾನಕ್ಕೆ ಅಂಟಿಕೊಂಡವು. (ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಪಡೆಯಲು ಪ್ರಾಧಿಕಾರದ ವೆಬ್‌ಸೈಟಿನಲ್ಲಿ ವ್ಯವಸ್ಥೆ ಇದೆ. ತಿಳಿದವರು ಕಡಿಮೆ.) ಇನ್ನು ಒಂದು ಹೆಣ್ಣು ಮಗುವಿನ ಕಾಯಿಲೆಯ ವಿಷಯ. ಅದರ ತೂಕ ಇಂದು ತಿಳಿಯುವುದಿಲ್ಲ. ಎಂಟು ಹತ್ತು ವರ್ಷ ಕಳೆದು ಅವಳ ಮದುವೆಯ ಮಾತುಕತೆ ಬರುವಾಗ ತಿಳಿಯುತ್ತದೆ. ಹೇಳಬೇಕೇ, ಯಾವಾಗ ಹೇಳಬೇಕು, ಯಾರು ಹೇಳಬೇಕು ಎಂಬುದನ್ನು ತೀರ್ಮಾನಿಸುವ ಹಕ್ಕು ಅವಳದು, ಅವಳ ಮನೆಯವರದು. ಹಿಂದೊಮ್ಮೆ ಪಾಠ ಹೇಳಿದ ಟೀಚರದ್ದಲ್ಲ.

ಮಕ್ಕಳು ಬರೆದ ಪ್ರಬಂಧವೂ ಹೀಗೆಯೇ. 'ನನ್ನ ಮನೆ', 'ನನ್ನ ಜೀವನದ ಮರೆಯಲಾಗದ ದಿನ' ಎಂದು ವಿಷಯ ಕೊಟ್ಟರೆ ಎಂಟನೆಯ ತರಗತಿಯ ಮಕ್ಕಳು ಎದೆ ಬಿಚ್ಚಿ ಬರೆಯುತ್ತಾರೆ. ಇದನ್ನು ಮಗುವೇ ಬರೆದದ್ದೋ ಎಐ ಬರೆದದ್ದೋ ಎಂದು ಪರೀಕ್ಷಿಸಲು ಈಗ ಕೆಲವು ಅಧ್ಯಾಪಕರು ಇಡೀ ಪುಟದ ಫೋಟೋ ತೆಗೆದು ಇನ್ನೊಂದು ಎಐಗೆ ಹಾಕುತ್ತಾರೆ. ಕಳ್ಳನನ್ನು ಹಿಡಿಯಲು ಮನೆಯ ಬಾಗಿಲನ್ನೇ ಕಿತ್ತು ಕೊಟ್ಟ ಹಾಗೆ. ಸಂಶಯವಿದ್ದರೆ ಮಗುವನ್ನು ಕರೆದು ಎರಡು ಪ್ರಶ್ನೆ ಕೇಳಿದರೆ ತಿಳಿಯುತ್ತದೆ, ಅದಕ್ಕೆ ಐದು ನಿಮಿಷ ಸಾಕು.

ದೂರದ ಕಂಪೆನಿಯ ಮಾತು ಹೀಗಾದರೆ, ಹೆಣ್ಣು ಮಕ್ಕಳ ಮಟ್ಟಿಗೆ ಅಪಾಯ ಅದಕ್ಕಿಂತ ಹತ್ತಿರದಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಅದು ಮನೆಯ ಹಾಲ್‌ನಲ್ಲಿ ಚಾರ್ಜಿಗೆ ಇಟ್ಟ ಮೊಬೈಲಿನಲ್ಲಿದೆ. ಮುಂದೆ ಹೇಳುವ ವಿಷಯವನ್ನು ಬರೆಯಲು ಆ ಹುಡುಗಿಯಿಂದಲೂ ಅವಳ ಉಮ್ಮನಿಂದಲೂ ಒಪ್ಪಿಗೆ ಪಡೆದಿದ್ದೇನೆ, ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಎಸೆಸೆಲ್ಸಿಯಲ್ಲಿದ್ದ ಆ ಹುಡುಗಿ ಓದಿನಲ್ಲಿ ಮುಂದೆ. ಮನೆಯಲ್ಲಿದ್ದದ್ದು ಉಮ್ಮನ ಒಂದೇ ಸ್ಮಾರ್ಟ್ ಫೋನ್. ಅದರಲ್ಲೇ ಅವಳು ವಿಜ್ಞಾನದ ಪ್ರಶ್ನೆಗಳನ್ನು ಎಐಗೆ ಕೇಳಿ ಕಲಿಯುತ್ತಿದ್ದಳು. ಶಾಲೆಯಲ್ಲಿ ನಾವೇ ಹೇಳಿಕೊಟ್ಟದ್ದು. ಒಂದು ರಾತ್ರಿ ಪಾಠದ ಪ್ರಶ್ನೆ ಮುಗಿದ ಮೇಲೆ ಅವಳು ಬೇರೊಂದು ಕೇಳಿದಳು. ಎಸೆಸೆಲ್ಸಿ ಮುಗಿದ ಕೂಡಲೇ ತನಗೆ ಒಂದು ಸಂಬಂಧ ಗೊತ್ತು ಮಾಡುವ ಮಾತು ಮನೆಯಲ್ಲಿ ನಡೆಯುತ್ತಿದೆ, ತನಗೆ ಪಕ್ಕದ ಊರಿನ ಕಾಲೇಜಿನಲ್ಲಿ ಪಿಯುಸಿ ಓದಬೇಕೆಂದಿದೆ, ವಿದೇಶದಲ್ಲಿರುವ ಅಪ್ಪನಿಗೆ ಇದನ್ನು ಹೇಗೆ ಹೇಳಲಿ? ಎಐ ಒಂದು ವಿನಯದ ಪತ್ರ ಬರೆದುಕೊಟ್ಟಿತು. ಕೆಟ್ಟ ಸಲಹೆ ಏನೂ ಕೊಡಲಿಲ್ಲ ಎಂಬುದನ್ನು ಒಪ್ಪಲೇಬೇಕು. ಮರುದಿನ ಅವಳ ಅಣ್ಣ ಬೇರೆ ಏನನ್ನೋ ಹುಡುಕುತ್ತಾ ಅದೇ ಆಪ್ ತೆರೆದ. ಬದಿಯಲ್ಲಿ ಹಳೆಯ ಸಂಭಾಷಣೆಗಳ ಪಟ್ಟಿ ಇತ್ತು, ಅವನು ಓದಿದ. ಸಂಜೆಯೊಳಗೆ ಅದು ದೊಡ್ಡಮ್ಮನ ಮನೆಗೂ ತಲುಪಿತು. 'ಮನೆಯ ವಿಷಯವನ್ನು ಇಂಟರ್ನೆಟ್ಟಿನಲ್ಲಿ ಬರೆದಿದ್ದಾಳೆ' ಎಂಬುದೇ ಅವಳ ಮೇಲೆ ಬಂದ ಅಪವಾದ. ಎರಡು ವಾರ ಅವಳು ಶಾಲೆಗೆ ಬರಲಿಲ್ಲ.

ನಾನು ಅವರ ಮನೆಗೆ ಹೋದಾಗ ಉಮ್ಮ ಅಳುತ್ತಾ, "ನನ್ನ ಹತ್ತಿರ ಹೇಳಬಹುದಿತ್ತಲ್ಲ ಟೀಚರೇ, ಆ ಮೊಬೈಲಿಗೆ ಯಾಕೆ ಹೇಳಿದಳು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗಿ ಒಳಕೋಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳು ಈಗ ನಮ್ಮೂರಿನ ಕಾಲೇಜಿನಲ್ಲೇ ಪಿಯುಸಿ ಓದುತ್ತಿದ್ದಾಳೆ, ಮದುವೆಯ ಮಾತು ಮುಂದಕ್ಕೆ ಹೋಗಿದೆ. ಆದರೆ ಅವಳು ಏನನ್ನೂ ಬರೆಯುವುದಿಲ್ಲ. ಡೈರಿ ಬರೆಯುತ್ತಿದ್ದಳು, ಅದನ್ನೂ ನಿಲ್ಲಿಸಿದ್ದಾಳೆ.

ಇಲ್ಲಿ ತಾಯಂದಿರಿಗೆ ಒಂದು ಸಂದಿಗ್ಧವಿದೆ. ಮಗಳ ಮೊಬೈಲ್ ಬಳಕೆಯ ಮೇಲೆ ಕಣ್ಣಿಡಬೇಕು ಎಂದು ನಾವೇ ಸಭೆಗಳಲ್ಲಿ ಹೇಳುತ್ತೇವೆ. ಹೇಳಬೇಕಾದದ್ದೇ. ಅಪರಿಚಿತರು ಸಂಪರ್ಕಿಸುವ ಕಾಲ ಇದು. ಯಾವ ಆಪ್ ಬಳಸುತ್ತಾಳೆ, ಎಷ್ಟು ಹೊತ್ತು, ಯಾರ ಜೊತೆ ಎಂಬುದು ತಾಯಿಗೆ ತಿಳಿದಿರಬೇಕು. ಚಾಟ್‌ಜಿಪಿಟಿಯ ನಿಯಮದಂತೆ 13 ವರ್ಷಕ್ಕಿಂತ ಚಿಕ್ಕವರು ಅದನ್ನು ಬಳಸುವಂತಿಲ್ಲ, 18ರೊಳಗಿನವರಿಗೆ ಪೋಷಕರ ಅನುಮತಿ ಬೇಕು. ಆದರೆ ಕಣ್ಣಿಡುವುದು ಬೇರೆ, ಅವಳು ಬರೆದದ್ದನ್ನು ಅಣ್ಣ, ಚಿಕ್ಕಪ್ಪ, ದೊಡ್ಡಮ್ಮ ಎಲ್ಲರೂ ಓದುವುದು ಬೇರೆ. ಮನೆಯೊಳಗಿನ ಮಕ್ಕಳು ಕೂಡ ಹಿರಿಯರ ಕೋಣೆಗೆ ಅನುಮತಿ ಕೇಳಿಯೇ ಹೋಗಬೇಕಾದ ಮೂರು ಹೊತ್ತುಗಳಿವೆ ಎಂದು ಸೂರಃ ನೂರ್‌ನ ಪಾಠದಲ್ಲಿ ನಾನು ಪ್ರತಿ ವರ್ಷ ಕಲಿಸುತ್ತೇನೆ. ಕಲಿಸುವಾಗ ಗಂಡು ಮಕ್ಕಳು ತಲೆಯಾಡಿಸುತ್ತಾರೆ. ತಂಗಿಯ ಬರಹಕ್ಕೂ ಬಾಗಿಲು ಇದೆ ಎಂಬುದನ್ನು ಈಗ ಆ ಪಾಠದ ಜೊತೆ ಸೇರಿಸಿ ಹೇಳುತ್ತಿದ್ದೇನೆ.

ಒಂದೇ ಫೋನ್ ಇರುವ ಮನೆಯಲ್ಲಿ ಮಕ್ಕಳು ಕಲಿಯಲು ಎಐ ಬಳಸುವುದಾದರೆ, ತಾತ್ಕಾಲಿಕ ಸಂಭಾಷಣೆ ಎಂಬ ಸೌಕರ್ಯ ಚಾಟ್‌ಜಿಪಿಟಿಯಲ್ಲಿದೆ. ಅದರಲ್ಲಿ ಬರೆದದ್ದು ಹಳೆಯ ಪಟ್ಟಿಯಲ್ಲಿ ಉಳಿಯುವುದಿಲ್ಲ, ಕಂಪೆನಿಯ ಬಳಿ ಮಾತ್ರ 30 ದಿನಗಳವರೆಗೆ ಇರಬಹುದು. ಸೆಟ್ಟಿಂಗ್ಸ್‌ನಲ್ಲಿ ಡೇಟಾ ಕಂಟ್ರೋಲ್ಸ್ ಎಂಬ ಕಡೆ ಹೋದರೆ, ನಾವು ಬರೆದದ್ದನ್ನು ಯಂತ್ರದ ತರಬೇತಿಗೆ ಬಳಸಬೇಡಿ ಎಂದು ಆರಿಸಬಹುದು. ಇದನ್ನು ಮನೆಯ ಮಕ್ಕಳೇ ನಿಮಗೆ ತೋರಿಸಿಕೊಡುತ್ತಾರೆ, ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಫೋಟೋಗಳ ವಿಷಯದಲ್ಲೂ ಹೀಗೆಯೇ. 2025ರಲ್ಲಿ ಮಕ್ಕಳ ಫೋಟೋವನ್ನು ಎಐಗೆ ಹಾಕಿ ಜಪಾನಿನ ಘಿಬ್ಲಿ ಕಾರ್ಟೂನಿನಂತೆ ಮಾಡಿಸುವ ಹುಚ್ಚು ಎದ್ದಾಗ ನಮ್ಮ ಗುಂಪುಗಳಲ್ಲೂ ಶಾಲಾ ವಾರ್ಷಿಕೋತ್ಸವದ ಚಿತ್ರಗಳು ಹಾಗೆ ಬಣ್ಣ ಬಣ್ಣವಾಗಿ ಬಂದವು. ನೋಡಲು ಚೆಂದವೇ. ಒಂದು ಫೋಟೋದಲ್ಲಿದ್ದ ಹದಿನಾಲ್ಕು ಹುಡುಗಿಯರಲ್ಲಿ ಒಬ್ಬಳ ತಾಯಿಯನ್ನೂ ಯಾರೂ ಕೇಳಿರಲಿಲ್ಲ.

ಕಾನೂನು ಇಲ್ಲವೇ ಎಂದರೆ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ವಿರುದ್ಧ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಅದರಂತೆ 18 ವರ್ಷ ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿಯನ್ನು ಬಳಸಲು ತಂದೆತಾಯಿಯರ ಖಚಿತ ಒಪ್ಪಿಗೆ ಬೇಕು. ಶಿಕ್ಷಣ ಸಂಸ್ಥೆಗಳಿಗೆ ಕೆಲವು ವಿನಾಯಿತಿಗಳಿವೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಾರಿಕೆಗಳು ಜಾರಿಯಾಗಲು ಅದರಲ್ಲೇ 18 ತಿಂಗಳ ಕಾಲಾವಕಾಶ ಕೊಡಲಾಗಿತ್ತು. ಕಾನೂನು ನಮ್ಮ ಶಾಲೆಯ ಗೇಟಿನವರೆಗೆ ನಡೆದು ಬರಲು ಇನ್ನೂ ಸಮಯ ಹಿಡಿಯಬಹುದು. ಅಷ್ಟರವರೆಗೆ ಕೇಳುವವರು ತಾಯಂದಿರೇ.

ಇತ್ತೀಚಿನ ಪಾಲಕರ ಸಭೆಯಲ್ಲಿ ಒಬ್ಬ ತಾಯಿ, ಬೀಡಿ ಕಟ್ಟಿ ಮಗಳನ್ನು ಓದಿಸುವವರು, ಎಂದೂ ಸಭೆಯಲ್ಲಿ ಬಾಯಿ ತೆರೆಯದವರು, ಎದ್ದು ನಿಂತರು. "ನನ್ನ ಮಗಳ ಆಧಾರ್ ಕಾರ್ಡಿನ ಫೋಟೋ ಈಗ ಯಾವ ಟೀಚರ ಮೊಬೈಲಿನಲ್ಲಿದೆ? ಅದನ್ನು ಆ ಕಂಪ್ಯೂಟರಿಗೆಲ್ಲ ಹಾಕುತ್ತೀರಂತೆ, ಹೌದಾ?" ಎಂದು ಕೇಳಿದರು. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಮುಖ್ಯೋಪಾಧ್ಯಾಯರು ಕೋಪಿಸಿಕೊಳ್ಳಲಿಲ್ಲ, ಅದು ಅವರ ದೊಡ್ಡ ಗುಣ. ಸ್ಕಾಲರ್‌ಶಿಪ್ ಅರ್ಜಿ ಹಾಕಿದ ದಿನವೇ ದಾಖಲೆಗಳ ಫೋಟೋಗಳನ್ನು ಅಧ್ಯಾಪಕರ ಮೊಬೈಲಿನಿಂದ ಅಳಿಸಬೇಕೆಂದು ಅಲ್ಲೇ ತೀರ್ಮಾನವಾಯಿತು. ಎಐ ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು. ಅಷ್ಟರೊಳಗೆ ನಮ್ಮ ಶಾಲೆಯಲ್ಲಿ ಯಾರು ಯಾವ ಆಪ್ ಬಳಸುತ್ತಾರೆ, ಅದಕ್ಕೆ ಮಕ್ಕಳ ಯಾವ ಮಾಹಿತಿ ಹೋಗುತ್ತದೆ ಎಂಬ ಪಟ್ಟಿ ತಯಾರಿಸುವ ಕೆಲಸ ನನ್ನ ಮೇಲೂ ಆ ಕಿರಿಯ ಶಿಕ್ಷಕಿಯ ಮೇಲೂ ಬಿದ್ದಿದೆ. ಈವರೆಗೆ ಒಂಬತ್ತು ಆಪ್‌ಗಳ ಹೆಸರು ಸಿಕ್ಕಿದೆ. ಇನ್ನೂ ನಾಲ್ವರು ಅಧ್ಯಾಪಕರನ್ನು ಕೇಳುವುದು ಬಾಕಿ ಇದೆ.